ಆರು ದೀಪದ ಪೆಟ್ಟಿಗೆ: ಫೋನಿನಲ್ಲಿ ಪಾಠ ಹೇಳುವ ಲೈನ್ ಕಟ್ಟಿದ ಕತೆ

ಬಟನ್ ಫೋನ್ ಬಿಟ್ಟು ಬೇರೇನೂ ಇಲ್ಲದವರಿಗೆ ಗಣಿತ ಮುಟ್ಟಿಸಬೇಕು, ಏನಾದರೂ ಮಾಡಿಕೊಡಿ ಎಂದು ಗಣಿತದ ಮೇಡಂ ಕೇಳಿದಾಗ ನನಗೆ ಹೊಳೆದದ್ದು ತಾನೇ ಮಾತಾಡುವ ಒಂದು ಯಂತ್ರ. ಫೋನ್ ಮಾಡಿದರೆ ಪಾಠ ಕೇಳಿಸಬೇಕು, ಪಾಠ ಮುಗಿದ ಮೇಲೆ ಪ್ರಶ್ನೆ ಬರಬೇಕು, ಬಟನ್ ಒತ್ತಿ ಉತ್ತರ ಕೊಡಬೇಕು. ಎರಡು ವಾರದ ಕೆಲಸ ಅಂದುಕೊಂಡೆ. ಎರಡು ವಾರಕ್ಕೆ ಯಂತ್ರ ಓಡಿತು ಕೂಡ. ಆದರೆ ಅದರಿಂದ ಯಾರಾದರೂ ಏನಾದರೂ ಕಲಿಯುವಂತಾಗಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು. ಆ ನಾಲ್ಕು ತಿಂಗಳಲ್ಲಿ ಕಟ್ಟಿದ್ದು, ಬಿಚ್ಚಿದ್ದು, ಮತ್ತೆ ಕಟ್ಟಿದ್ದನ್ನು ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಕೈಹಾಕುವ ಇನ್ನೊಬ್ಬರಿಗೆ ಅಷ್ಟು ದಿನ ಹಿಡಿಯಬಾರದು.

ಮೊದಲ ಜೋಡಣೆ

ಸಾಮಾನು ಹೆಚ್ಚೇನಿಲ್ಲ. ಒಂದು ರಾಸ್‌ಬೆರಿ ಪೈ 4 ಎಂಬ ಅಂಗೈಯಗಲದ ಕಂಪ್ಯೂಟರ್, ಅದರೊಳಗೆ ಆಸ್ಟರಿಸ್ಕ್, ಲ್ಯಾಂಡ್‌ಲೈನಿಗೂ ಪೈಗೂ ನಡುವೆ ಕರೆ ದಾಟಿಸುವ ಒಂದು ಗೇಟ್‌ವೇ. ಆಸ್ಟರಿಸ್ಕ್ ಎಂಬುದು 1999ರಲ್ಲಿ ಮಾರ್ಕ್ ಸ್ಪೆನ್ಸರ್ ಬರೆಯಲು ಶುರುಮಾಡಿದ ಮುಕ್ತ ತಂತ್ರಾಂಶ. ಒಂದು ಸಣ್ಣ ಕಂಪ್ಯೂಟರನ್ನು ಅದು ಪೂರ್ತಿ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಬಿಡುತ್ತದೆ. ಕರೆ ಎತ್ತು, ಈ ಧ್ವನಿ ನುಡಿಸು, ಬಟನ್‌ಗಾಗಿ ಕಾಯು, ಒತ್ತಿದ್ದನ್ನು ಬರೆದುಕೋ, ಹೀಗೆ ಒಂದೊಂದು ಸಾಲಿನಲ್ಲಿ ಹೇಳುತ್ತ ಹೋದರೆ ಸಾಕು.

ಗೇಟ್‌ವೇ ತರುವಾಗ ಒಂದು ವಿಷಯ ಗಮನದಲ್ಲಿರಲಿ. ಎಫ್‌ಎಕ್ಸ್‌ಎಸ್ ಪೋರ್ಟಿಗೆ ಫೋನ್ ಸಿಕ್ಕಿಸುತ್ತಾರೆ, ಎಫ್‌ಎಕ್ಸ್‌ಒ ಪೋರ್ಟಿಗೆ ಗೋಡೆಯಿಂದ ಬರುವ ಲೈನ್ ಸಿಕ್ಕಿಸುತ್ತಾರೆ. ನಮಗೆ ಬೇಕಾದದ್ದು ಎರಡನೆಯದು. ಅದಲುಬದಲಾದರೆ ಎರಡೂ ಕಡೆಯಿಂದ ವಿದ್ಯುತ್ ನುಗ್ಗಿ ಪೋರ್ಟ್ ಸುಟ್ಟುಹೋಗಬಹುದು. ಸುಮ್ಮನಿರುವ ಲೈನಿನಲ್ಲಿ ಸುಮಾರು 48 ವೋಲ್ಟ್ ನೇರ ವಿದ್ಯುತ್ ಇರುತ್ತದೆ. ರಿಂಗ್ ಬರುವಾಗ ಅದರ ಮೇಲೆ 75ರಿಂದ 90 ವೋಲ್ಟಿನಷ್ಟು ಪರ್ಯಾಯ ವಿದ್ಯುತ್ ಏರುತ್ತದೆ. ಆದ್ದರಿಂದ ತಂತಿ ಕೆರೆದು ಜೋಡಿಸುವ ಮುಂಚೆ ಲೈನನ್ನು ಗೋಡೆಯಿಂದಲೇ ಕಿತ್ತಿಡಿ.

ಯಂತ್ರ ಹೂಡಿದ್ದಕ್ಕಿಂತ ಧ್ವನಿ ಸರಿಮಾಡಿದ್ದೇ ದೊಡ್ಡ ಕೆಲಸ. ಮೇಡಂ ಪಾಠವನ್ನು ಒಳ್ಳೆಯ ಮೈಕಿನಲ್ಲಿ ಹೇಳಿದ್ದರು. ಕಂಪ್ಯೂಟರಿನಲ್ಲಿ ಕೇಳಿದರೆ ಎದುರಿಗೆ ಕೂತು ಮಾತಾಡಿದ ಹಾಗಿತ್ತು. ಫೋನಿನಲ್ಲಿ ಅದೇ ಧ್ವನಿ ಕಂಬಳಿ ಹೊದ್ದು ಮಾತಾಡಿದಂತಾಯಿತು. ಹಳೆಯ ಟೆಲಿಫೋನ್ ದಾರಿ ಬಿಟ್ಟುಕೊಡುವುದು ಸುಮಾರು 300ರಿಂದ 3400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ. ಧ್ವನಿಯನ್ನು ಸೆಕೆಂಡಿಗೆ 8000 ಸಲ ಅಳೆಯುತ್ತಾರೆ, ಒಂದೊಂದು ಅಳತೆ ಒಂದು ಮಾದರಿ, ಒಂದೊಂದಕ್ಕೂ 8 ಬಿಟ್, ಸೆಕೆಂಡಿಗೆ ಒಟ್ಟು 64 ಕಿಲೋಬಿಟ್. ಎಕ್ಸ್‌ಚೇಂಜಿನ ಇಡೀ ಲೆಕ್ಕಾಚಾರ ಇದರ ಮೇಲೆಯೇ ನಿಂತಿದೆ. ಗಂಡಸರ ದನಿಯ ಮೂಲ ಕಂಪನ ಬಹುಮಟ್ಟಿಗೆ 300 ಹರ್ಟ್ಸ್‌ಗಿಂತ ಕೆಳಗೇ ಇರುತ್ತದೆ, ಅಂದರೆ ಅದು ಲೈನಿನಲ್ಲಿ ಹಾಯುವುದೇ ಇಲ್ಲ. ಮೇಲಿನ ಕಂಪನಗಳನ್ನು ಹಿಡಿದು ನಮ್ಮ ಕಿವಿಯೇ ಅದನ್ನು ತುಂಬಿಕೊಳ್ಳುತ್ತದೆ. ಇದು ನನಗೆ ಇವತ್ತಿಗೂ ಸೋಜಿಗ.

ಕಿವಿ ತುಂಬಿಕೊಳ್ಳಲಾಗದ್ದು ವ್ಯಂಜನಗಳನ್ನು. ‘ಸ’ಕಾರಕ್ಕೆ ಜೀವ ಕೊಡುವ ಸುಯ್ಯೆನ್ನುವ ಸದ್ದಿನ ಬಹುಪಾಲು 3400ರ ಆಚೆಗಿದೆ, ಹಾಗಾಗಿ ಸ, ಶ ಒಂದರೊಳಗೊಂದು ಕಲಸಿಹೋಗುತ್ತವೆ. ಗಣಿತಕ್ಕೆ ಅದಕ್ಕಿಂತ ಕೆಟ್ಟದ್ದು ‘ಮೂರು’ ಮತ್ತು ‘ನೂರು’. ಗದ್ದಲದ ಲೈನಿನಲ್ಲಿ ಇವೆರಡನ್ನು ಬೇರೆ ಮಾಡಲು ನನ್ನಿಂದಲೇ ಆಗಲಿಲ್ಲ. ಹದಿಮೂರು, ಹದಿನಾರು, ಹದಿನೇಳು ಮೂರನ್ನೂ ಬೆನ್ನುಬೆನ್ನಿಗೆ ಹೇಳಿದರೆ ಗೊಂದಲ ಖಾತ್ರಿ.

ಹೀಗೆ ಮಾಡಿದೆವು. ಧ್ವನಿಯಲ್ಲಿ 250 ಹರ್ಟ್ಸ್‌ನ ಕೆಳಗಿನದ್ದನ್ನು ಕತ್ತರಿಸಿ, 2000ದಿಂದ 3000ದವರೆಗಿನದ್ದನ್ನು ಸ್ವಲ್ಪ ಎತ್ತಿ, ಏರಿಳಿತವನ್ನು ಸಮಮಾಡಿ, ಕಡೆಗೆ 8000 ಮಾದರಿಯ ಒಂಟಿ ಚಾನೆಲ್ ಕಡತವಾಗಿ ಇಳಿಸಿದೆ. ಮೇಡಂ ಪ್ರತಿ ಸಂಖ್ಯೆಯನ್ನೂ ಎರಡು ರೀತಿ ಹೇಳತೊಡಗಿದರು: “ನೂರು. ಒಂದು, ಸೊನ್ನೆ, ಸೊನ್ನೆ.” ಹೆಡ್‌ಫೋನಿನಲ್ಲಿ ಕೇಳಿ ಒಪ್ಪಿಗೆ ಕೊಡುವುದನ್ನು ನಿಲ್ಲಿಸಿದೆವು. ಪ್ರತಿ ಪಾಠವನ್ನೂ ಅಗ್ಗದ ಒಂದು ಬಟನ್ ಫೋನಿಗೆ ಕರೆ ಮಾಡಿ, ಪಕ್ಕದಲ್ಲಿ ಫ್ಯಾನ್ ಹಾಕಿಕೊಂಡು ಕೇಳಿದ ಮೇಲೆಯೇ ಲೈನಿಗೆ ಬಿಡುವುದು.

ಕಣ್ಣಿಗೆ ಬೇಕಾದದ್ದನ್ನು ಮುಂಚೆಯೇ ಕಾಗದದಲ್ಲಿ ಮುದ್ರಿಸಿ ಕಳಿಸಿದೆವು. ತ್ರಿಭುಜದ ಮೂಲೆಗಳಿಗೆ ಮೊದಲು ಕ, ಖ, ಗ ಎಂದು ಹೆಸರಿಟ್ಟಿದ್ದೆವು. ಫೋನಿನಲ್ಲಿ ಮೂರೂ ಒಂದೇ! ಎರಡನೇ ಮುದ್ರಣದಲ್ಲಿ ಮೂಲೆಗೊಂದು ಪುಟ್ಟ ಚಿತ್ರ ಹಾಕಿದೆವು: ಮರ, ಹೂವು, ಕಿಟಕಿ. “ಮರದಿಂದ ಕಿಟಕಿಗೆ ಗೆರೆ ಎಳೆಯಿರಿ” ಎಂದರೆ ಯಾರೂ ತಪ್ಪುವುದಿಲ್ಲ. ಪಾಠದ ಬರಹದಲ್ಲಿ ‘ಇದು’, ‘ಇಲ್ಲಿ’, ‘ಹೀಗೆ’ ಎಂಬ ಮೂರು ಪದ ಬಂದಲ್ಲೆಲ್ಲ ಕೆಂಪು ಗೆರೆ ಎಳೆದು ಬೇರೆ ಮಾತು ಹಾಕಿದೆವು. ಕೈತೋರಿಸಿ ಕಲಿಸಿದವರಿಗೆ ಆ ಮೂರು ಪದ ಬಿಡುವುದು ಎಷ್ಟು ಕಷ್ಟ ಎಂಬುದು ಮೇಡಂ ಒದ್ದಾಡುವುದನ್ನು ನೋಡಿದಾಗ ಗೊತ್ತಾಯಿತು.

12 ಹೋಗಿ 1122

ಲೈನ್ ತೆರೆದ ಮೊದಲ ಸಂಜೆ ಹನ್ನೊಂದು ಮಂದಿ ಕರೆ ಮಾಡಿದರು. ಪ್ರಶ್ನೆ ಸುಲಭದ್ದು, ಉತ್ತರ 12. ರಾತ್ರಿ ದಾಖಲೆ ತೆಗೆದರೆ ಹನ್ನೊಂದು ಮಂದಿಯದ್ದೂ ತಪ್ಪು. ಪಾಠವೇ ಅರ್ಥವಾಗಿಲ್ಲ, ನಿಧಾನ ಮಾಡಬೇಕು ಎಂದು ಮೇಡಂ ಬೇಸರದಲ್ಲಿ ಕೂತರು. ಮರುದಿನ ಒಬ್ಬ ಹುಡುಗ ನೇರ ನನಗೇ ಫೋನ್ ಮಾಡಿದ. “ಸರ್, ನಾನು ಹನ್ನೆರಡೇ ಒತ್ತಿದ್ದು. ಮೂರು ಸಲ ಒತ್ತಿದೆ. ಮೂರು ಸಲವೂ ತಪ್ಪು ಅಂತು.”

ಆಗ ದಾಖಲೆಯಲ್ಲಿ ಸರಿ ತಪ್ಪು ನೋಡುವುದನ್ನು ಬಿಟ್ಟು, ಯಂತ್ರ ಕೇಳಿಸಿಕೊಂಡದ್ದು ಏನು ಎಂದು ನೋಡಿದೆ. 1122. ಎಲ್ಲರದ್ದೂ 1122 ಅಥವಾ ಅಂಥದ್ದೇ ಜೋಡಿ ಅಂಕೆಗಳು.

ಬಟನ್ ಒತ್ತಿದಾಗ ಫೋನು ಒಟ್ಟಿಗೆ ಎರಡು ಸ್ವರ ಹೊರಡಿಸುತ್ತದೆ. ಅಡ್ಡಸಾಲಿಗೊಂದು, ಕಂಬಸಾಲಿಗೊಂದು. 1 ಒತ್ತಿದರೆ 697 ಮತ್ತು 1209 ಹರ್ಟ್ಸ್, 5 ಒತ್ತಿದರೆ 770 ಮತ್ತು 1336. ಬೆಲ್ ಕಂಪನಿ 1963ರಲ್ಲಿ ಬಳಕೆಗೆ ತಂದ ಈ ಏರ್ಪಾಡೇ ಇಂದಿಗೂ ನಡೆಯುತ್ತಿದೆ. ಗೇಟ್‌ವೇ ಇದನ್ನು ಪೈಗೆ ಎರಡು ಬಗೆಯಲ್ಲಿ ದಾಟಿಸಬಹುದು: ಸ್ವರವನ್ನು ಸ್ವರವಾಗಿಯೇ ಧ್ವನಿಯೊಳಗೆ ಬಿಡುವುದು, ಇಲ್ಲವೇ ಧ್ವನಿಯಿಂದ ತೆಗೆದು ‘1 ಒತ್ತಲಾಗಿದೆ’ ಎಂಬ ಬೇರೆ ಪೊಟ್ಟಣವಾಗಿ ಕಳಿಸುವುದು. ಎರಡನೆಯದರ ನಿಯಮಾವಳಿಯ ಹೆಸರು ಆರ್‌ಎಫ್‌ಸಿ 4733. ನನ್ನ ಗೇಟ್‌ವೇ ಎರಡನ್ನೂ ಕಳಿಸುತ್ತಿತ್ತು, ನಾನು ಆಸ್ಟರಿಸ್ಕಿಗೆ ಎರಡನ್ನೂ ಕೇಳಿಸಿಕೋ ಎಂದಿದ್ದೆ. ಒಂದು ಒತ್ತು, ಎರಡು ಎಣಿಕೆ. ನನ್ನ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳಲಿಲ್ಲ, ಏಕೆಂದರೆ ನಾನು ಮೇಜಿನ ಮೇಲಿನ ಒಳಫೋನಿನಿಂದ ಪರೀಕ್ಷಿಸಿದ್ದೆ. ಅದು ಗೇಟ್‌ವೇ ದಾಟಿ ಬರುವುದೇ ಇಲ್ಲ. ಕಲಿಯುವವರು ಬರುವ ದಾರಿಯಲ್ಲೇ ನಡೆದು ನೋಡದೆ ಬಾಗಿಲು ತೆರೆದದ್ದು ನನ್ನ ತಪ್ಪು.

ಎರಡೂ ಕಡೆ ಆರ್‌ಎಫ್‌ಸಿ 4733 ಮಾತ್ರ ಇರಿಸಿ, ಗೇಟ್‌ವೇಯಲ್ಲಿ ಸ್ವರವನ್ನು ಧ್ವನಿಯಿಂದ ಅಳಿಸುವ ಆಯ್ಕೆ ಹಾಕಿದೆ. ಐದು ನಿಮಿಷದ ಕೆಲಸ. ಆಮೇಲೆ ಹನ್ನೊಂದು ಮಂದಿಗೂ ಒಬ್ಬೊಬ್ಬರಾಗಿ ಫೋನ್ ಮಾಡಿ, ತಪ್ಪಿದ್ದದ್ದು ಯಂತ್ರ ಎಂದು ಹೇಳಿದೆವು. ಅದಕ್ಕೆ ಒಂದು ಸಂಜೆ ಪೂರ್ತಿ ಹಿಡಿಯಿತು. ಇಬ್ಬರು ಅಷ್ಟರಲ್ಲಿ ಪುಸ್ತಕ ಮುಚ್ಚಿಟ್ಟಿದ್ದರು.

ಅಂದಿನಿಂದ ಯಂತ್ರ ಸೀದಾ ‘ತಪ್ಪು’ ಎನ್ನುವುದಿಲ್ಲ. ಕೇಳಿಸಿಕೊಂಡದ್ದನ್ನು ಮೊದಲು ತಿರುಗಿ ಹೇಳುತ್ತದೆ: “ನೀವು ಒತ್ತಿದ್ದು ಹನ್ನೆರಡು. ಹೌದಾದರೆ ಸ್ಟಾರ್ ಒತ್ತಿ, ಅಲ್ಲವಾದರೆ ಮತ್ತೆ ಒತ್ತಿ.” ಕರೆ ಹತ್ತು ಸೆಕೆಂಡು ಉದ್ದವಾದರೂ ಚಿಂತೆಯಿಲ್ಲ.

ಬಿಡದ ಲೈನು, ಕಾಯದ ಯಂತ್ರ

ಉತ್ತರದ ಜೊತೆಗೆ ‘ಹೇಗೆ ಮಾಡಿದಿರಿ’ ಎಂದು ಬಾಯಲ್ಲಿ ಹೇಳಿಸಿ ಮುದ್ರಿಸಿಕೊಳ್ಳುವುದು ಮುಂದಿನ ಹೆಜ್ಜೆ. ಮುದ್ರಣವಾಗುತ್ತದೆ, ಮೇಡಂ ಮಾತ್ರ ಕೇಳುತ್ತಾರೆ ಎಂದು ಮೊದಲೇ ತಿಳಿಸಿ, ಬೇಡದವರು ಬಿಟ್ಟುಬಿಡಲು ಒಂದು ಬಟನ್ ಕೊಟ್ಟಿದ್ದೆವು.

ಮೊದಲ ವಾರ ಲೈನು ಗಂಟೆಗಟ್ಟಲೆ ಎಂಗೇಜ್ ಬರುತ್ತಿತ್ತು. ಮಾತಾಡಿದವರು ಫೋನ್ ಇಟ್ಟರೂ ಯಂತ್ರ ಲೈನ್ ಬಿಡುತ್ತಿರಲಿಲ್ಲ. ಲ್ಯಾಂಡ್‌ಲೈನಿನಲ್ಲಿ ಆ ಕಡೆಯವರು ಇಟ್ಟದ್ದು ಈ ಕಡೆಗೆ ತಾನಾಗಿ ತಿಳಿಯದೆ ಹೋಗಬಹುದು. ನಾವು ಮನುಷ್ಯರು ಕೂಂ ಕೂಂ ಸ್ವರ ಕೇಳಿ ರಿಸೀವರ್ ಇಡುತ್ತೇವೆ. ಯಂತ್ರ ಆ ಸ್ವರವನ್ನೇ ಶ್ರದ್ಧೆಯಿಂದ ಮುದ್ರಿಸಿಕೊಳ್ಳುತ್ತಿತ್ತು. ನಾನು ಅವಸರದಲ್ಲಿ ಮಾಡಿದ ರಿಪೇರಿ ಎಂದರೆ ಮೂರು ಸೆಕೆಂಡು ಮೌನವಾದರೆ ಮುದ್ರಣ ಮುಗಿಸಿ ಕರೆ ಕಟ್ ಮಾಡು ಎಂದದ್ದು. ಇದು ಎರಡು ರೀತಿಯಲ್ಲಿ ಕೆಟ್ಟಿತು. ಎಂಗೇಜ್ ಸ್ವರ ಮೌನವಲ್ಲ, ಆದ್ದರಿಂದ ಲೈನು ಬಿಡಲೇ ಇಲ್ಲ. ಯೋಚಿಸುತ್ತಿದ್ದವರ ಕರೆ ಮಾತ್ರ ಚೆನ್ನಾಗಿ ಕಟ್ ಆಯಿತು.

ಆ ಮುದ್ರಣಗಳನ್ನು ಕೇಳುವುದು ನೋವಿನ ಕೆಲಸವಾಗಿತ್ತು. “ಮೊದಲು ಎಂಟನ್ನು...” ಎಂದು ಶುರುವಾಗುತ್ತದೆ, ಪೆನ್ಸಿಲ್ ಸದ್ದು ಕೇಳುತ್ತದೆ, ಅಷ್ಟಕ್ಕೇ ಕಟ್. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದ್ದು ಇದನ್ನೇ. ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಸುಮಾರು ಒಂದು ಸೆಕೆಂಡು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೂ ಸಾಕು, ಮಕ್ಕಳ ಉತ್ತರ ಉದ್ದವಾಗುತ್ತದೆ, ತರ್ಕ ಕೂಡಿಕೊಳ್ಳುತ್ತದೆ, ಸುಮ್ಮನೆ ಕೂರುತ್ತಿದ್ದವರೂ ಬಾಯಿ ಬಿಡುತ್ತಾರೆ. ಅವರು ನೋಡಿದ್ದು ಮುಖ ಕಾಣುವ ತರಗತಿಯನ್ನು. ಮುಖ ಕಾಣದ ಫೋನಿನಲ್ಲಿ, ಕಾಗದದ ಮೇಲೆ ಲೆಕ್ಕ ಮಾಡುತ್ತಿರುವವರಿಗೆ ಮೂರು ಸೆಕೆಂಡು ಏನೇನೂ ಸಾಲದು.

ಸರಿಯಾದ ರಿಪೇರಿ ಎಂದರೆ ಎರಡು ಸಮಸ್ಯೆಯನ್ನು ಬೇರೆ ಬೇರೆ ಮಾಡುವುದು. ಎಂಗೇಜ್ ಸ್ವರವನ್ನು ಮುದ್ರಿಸಿ, ಧ್ವನಿ ತಿದ್ದುವ ಆಡಾಸಿಟಿ ಎಂಬ ತಂತ್ರಾಂಶದಲ್ಲಿ ತೆರೆದು, ಅದರ ಕಂಪನ ಎಷ್ಟು, ಎಷ್ಟು ಹೊತ್ತು ಸದ್ದು, ಎಷ್ಟು ಹೊತ್ತು ಬಿಡುವು ಎಂದು ಅಳೆದು ಗೇಟ್‌ವೇಗೆ ಕಲಿಸಿದೆ. ಇದು ದೇಶದಿಂದ ದೇಶಕ್ಕೆ ಬದಲಾಗುತ್ತದೆ, ಆದ್ದರಿಂದ ಎಲ್ಲೋ ಓದಿದ ಅಂಕೆ ಹಾಕಬೇಡಿ, ನಿಮ್ಮ ಲೈನನ್ನೇ ಅಳೆಯಿರಿ. ನಾಲ್ಕು ಸಲ ಆ ಸ್ವರ ಬಂದರೆ ಗೇಟ್‌ವೇ ಈಗ ಲೈನ್ ಬಿಡುತ್ತದೆ. ಮೌನಕ್ಕೆ ಹದಿನೈದು ಸೆಕೆಂಡು ಕೊಟ್ಟಿದ್ದೇನೆ. ಮುಗಿಯಿತು ಎನ್ನುವವರು ಹ್ಯಾಶ್ ಒತ್ತುತ್ತಾರೆ.

ಮಾತಾಡುವವರು ಬೇಕು

ಎರಡನೇ ತಿಂಗಳು ಯಂತ್ರದಲ್ಲಿ ದೋಷವಿರಲಿಲ್ಲ, ಕರೆಗಳು ಮಾತ್ರ ಕಡಿಮೆಯಾಗುತ್ತ ಬಂದವು. ಮುದ್ರಿಸಿದ ದನಿಗೆ ಎಷ್ಟು ದಿನ ಉತ್ತರ ಹೇಳುತ್ತಾರೆ? 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಬೋಟ್ಸ್‌ವಾನಾದಲ್ಲಿ ನಡೆದ ಪ್ರಯೋಗದ ವರದಿಯನ್ನು ಆಗ ಮತ್ತೆ ತೆಗೆದು ಓದಿದೆ. ಕೆಲವು ಮನೆಗಳಿಗೆ ವಾರಕ್ಕೊಮ್ಮೆ ಗಣಿತದ ಲೆಕ್ಕವನ್ನು ಸಂದೇಶವಾಗಿ ಕಳಿಸಿದರು. ಇನ್ನು ಕೆಲವು ಮನೆಗಳಿಗೆ ಸಂದೇಶದ ಜೊತೆ ಹದಿನೈದು, ಇಪ್ಪತ್ತು ನಿಮಿಷದ ಫೋನ್ ಕರೆಯನ್ನೂ ಮಾಡಿದರು. ಕರೆ ಹೋದ ಮಕ್ಕಳ ಕಲಿಕೆ ಸ್ಪಷ್ಟವಾಗಿ ಮೇಲೇರಿತು, ಬರೀ ಸಂದೇಶ ಹೋದಲ್ಲಿ ಅಂಥ ಖಚಿತ ಬದಲಾವಣೆ ಕಾಣಲಿಲ್ಲ. ಹೆಚ್ಚು ಕಡಿಮೆ ನಮ್ಮ ಅನುಭವವೂ ಅದೇ. ಒಂದನೇ ವಾರ ತಪ್ಪೊಪ್ಪಿಕೊಳ್ಳಲು ನಾವು ಮಾಡಿದ ಹನ್ನೊಂದು ಕರೆಗಳಲ್ಲಿ ನಡೆದಷ್ಟು ಕಲಿಕೆ ಆಮೇಲಿನ ಮೂರು ವಾರದಲ್ಲಿ ನಡೆದಿರಲಿಲ್ಲ ಎಂದು ಮೇಡಂ ಹೇಳಿದರು. ಯಂತ್ರವನ್ನು ಅಭ್ಯಾಸಕ್ಕೆ ಉಳಿಸಿಕೊಂಡು, ಪಾಠವನ್ನು ಜೀವಂತ ದನಿಗೆ ಒಪ್ಪಿಸಲು ನಿರ್ಧರಿಸಿದೆವು. ಒಂದು ಸಲಕ್ಕೆ ಆರು ಮಂದಿ, ಇಪ್ಪತ್ತು ನಿಮಿಷ.

ಒಂದು ಲ್ಯಾಂಡ್‌ಲೈನಿನಲ್ಲಿ ಒಂದೇ ಕರೆ. ಆರಕ್ಕೆ ಎಸ್‌ಐಪಿ, ಅಂದರೆ ಇಂಟರ್ನೆಟ್ ಮೂಲಕ ಫೋನ್ ಕರೆ ಹೋಗುವ ಸಂಪರ್ಕ ಪಡೆದೆವು. ಲೆಕ್ಕ ಹೀಗೆ: 20 ಮಿಲಿಸೆಕೆಂಡಿಗೆ ಒಂದು ಪೊಟ್ಟಣ, ಅದರಲ್ಲಿ 160 ಬೈಟ್ ಧ್ವನಿ, ವಿಳಾಸ ಇತ್ಯಾದಿಗೆ 40 ಬೈಟ್. ಸೆಕೆಂಡಿಗೆ ಐವತ್ತು ಪೊಟ್ಟಣ. ಈಥರ್ನೆಟ್ಟಿನ ಹೊದಿಕೆಯೂ ಸೇರಿ ಕರೆಯೊಂದಕ್ಕೆ ಸುಮಾರು 87 ಕಿಲೋಬಿಟ್, ಆರಕ್ಕೆ 520ರ ಆಸುಪಾಸು, ಹೋಗಲು ಅಷ್ಟು, ಬರಲು ಅಷ್ಟು. ಸಾಧಾರಣ ಇಂಟರ್ನೆಟ್ ಸಾಕು. ಹೊತ್ತಿಗೆ ಸರಿಯಾಗಿ ಪೈ ತಾನೇ ಆರು ನಂಬರಿಗೆ ಕರೆ ಮಾಡುತ್ತದೆ, ಕಲಿಯುವವರ ಬ್ಯಾಲೆನ್ಸ್ ಹೋಗುವುದಿಲ್ಲ. ಎತ್ತಿದವರು 1 ಒತ್ತಿದರೆ ಮಾತ್ರ ತರಗತಿಯೊಳಗೆ ಪ್ರವೇಶ. ಮೊದಲ ದಿನ ಆ ಏರ್ಪಾಡು ಇಲ್ಲದೆ, ಯಾರದ್ದೋ ವಾಯ್ಸ್‌ಮೇಲ್ ಬಂದು ಸೇರಿ, ಪಾಠದ ನಡುವೆ ಅದೇ ವಾಕ್ಯ ಹೇಳುತ್ತ ಕೂತಿತ್ತು.

ಪೆಟ್ಟಿಗೆ

ಆರು ಫೋನನ್ನೂ ತೆರೆದಿಟ್ಟರೆ ಟಿವಿ, ನಾಯಿ, ಕುಕ್ಕರ್ ವಿಷಲ್ ಎಲ್ಲ ಸೇರಿ ಗದ್ದಲ. ಆರನ್ನೂ ಮ್ಯೂಟ್ ಮಾಡಿದರೆ ಮೇಡಂ ಒಬ್ಬರೇ ಬಾವಿಯೊಳಕ್ಕೆ ಮಾತಾಡಿದ ಹಾಗೆ. “ಅವರು ಇದ್ದಾರೋ ಇಲ್ಲವೋ ಗೊತ್ತಾಗಲ್ಲ ಸರ್” ಎಂದರು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯ 1965ರಲ್ಲಿ ದೂರದೂರದ ವೈದ್ಯರಿಗೆ ಫೋನ್ ಜಾಲದಲ್ಲಿ ಪಾಠ ಶುರುಮಾಡಿದಾಗಲೂ, ಕೇಳುವವರು ತಿರುಗಿ ಮಾತಾಡಬಹುದು ಎಂಬುದೇ ಅದರ ಜೀವಾಳವಾಗಿತ್ತು. ಮಾತು ಒಂದೇ ಕಡೆ ಹರಿಯುವುದಾದರೆ ರೇಡಿಯೋ ಸಾಕಲ್ಲ.

ಹಾಗಾಗಿ ಒಂದು ಮರದ ಪೆಟ್ಟಿಗೆ ಮಾಡಿದೆ. ಮೇಲೆ ಆರು ಒತ್ತುವ ಸ್ವಿಚ್, ಒಂದೊಂದರ ತಲೆಯ ಮೇಲೆ ಒಂದು ಎಲ್‌ಇಡಿ, ಕೆಳಗೆ ಹೆಸರು ಬರೆದ ಚೀಟಿ. ಎಲ್ಲ ತಂತಿಯೂ ಪೈನ ಪಿನ್ನುಗಳಿಗೆ ಹೋಗುತ್ತದೆ. ಪಿನ್ನಿನ 3.3 ವೋಲ್ಟಿನಲ್ಲಿ ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತದೆ. ಉಳಿದ 1.3ಕ್ಕೆ 330 ಓಮ್ ರೆಸಿಸ್ಟರ್ ಹಾಕಿದರೆ 4 ಮಿಲಿಆಂಪ್ ಹರಿಯುತ್ತದೆ, ಬೆಳಕು ಸಾಕಷ್ಟು. ಸ್ವಿಚ್ಚಿನ ಒಂದು ಕಾಲು ಗ್ರೌಂಡಿಗೆ, ಇನ್ನೊಂದು ಪಿನ್ನಿಗೆ. ಒತ್ತಿದಾಗ ಪೈ ಒಳಗಿನ ಸಣ್ಣ ಪ್ರೋಗ್ರಾಂ 5038ನೇ ಪೋರ್ಟಿನಲ್ಲಿ ಆಸ್ಟರಿಸ್ಕಿನ ಮ್ಯಾನೇಜರಿಗೆ, ಅಂದರೆ ಹೊರಗಿನ ಪ್ರೋಗ್ರಾಂಗಳ ಆಜ್ಞೆ ಕೇಳುವ ಅದರ ಭಾಗಕ್ಕೆ, ‘ಇವರ ಮ್ಯೂಟ್ ತೆಗೆ’ ಎನ್ನುತ್ತದೆ. ಮತ್ತೆ ಒತ್ತಿದರೆ ಮ್ಯೂಟ್. ಸ್ವಿಚ್ಚಿನ ಲೋಹದ ತುಟಿ ಒಂದೇ ಒತ್ತಿಗೆ ನಾಲ್ಕೈದು ಸಲ ಅದುರುವುದರಿಂದ ಮೊದಲು ಮೈಕ್ ತೆರೆದು ತಕ್ಷಣ ಮುಚ್ಚಿಕೊಳ್ಳುತ್ತಿತ್ತು. ಮೊದಲ ಸ್ಪರ್ಶದ ನಂತರ 50 ಮಿಲಿಸೆಕೆಂಡು ಕಿವಿಗೊಡಬೇಡ ಎಂದ ಮೇಲೆ ಸರಿಹೋಯಿತು.

ದೀಪಕ್ಕೆ ಮೂರು ಅರ್ಥ. ಆರಿದ್ದರೆ ಲೈನಿನಲ್ಲಿ ಇಲ್ಲ. ಉರಿಯುತ್ತಿದ್ದರೆ ಇದ್ದಾರೆ. ಮಿನುಗಿದರೆ ಕೈ ಎತ್ತಿದ್ದಾರೆ, ಅಂದರೆ ಅವರ ಫೋನಿನಲ್ಲಿ 5 ಒತ್ತಿದ್ದಾರೆ. ಮೊದಲ ದಿನ ಮೇಡಂ ಭಾಗಾಕಾರದ ಒಂದು ಪ್ರಶ್ನೆ ಕೇಳಿ ಸುಮ್ಮನಾದರು. ಒಂದು ದೀಪ ಮಿನುಗಿತು, ಆಮೇಲೆ ಇನ್ನೊಂದು. ಅವರು ಸ್ವಿಚ್ ಮೇಲೆ ಬೆರಳಿಟ್ಟುಕೊಂಡೇ ಕಾದರು. ನಾಲ್ಕನೆಯದು ಮಿನುಗಿದ ಮೇಲೆ ಒತ್ತಿದರು. ತರಗತಿಯಲ್ಲಿ ಮುಖ ನೋಡುತ್ತ ಕಾಯುವ ಹಾಗೆಯೇ.

ಉಳಿದ ಎರಡು ರಿಪೇರಿ ಸಣ್ಣವು. ಮೇಡಂ ಸ್ಪೀಕರ್‌ಫೋನ್ ಬಳಸುವಾಗ ಎಲ್ಲರಿಗೂ ತಮ್ಮ ದನಿಯೇ ಮಾರ್ದನಿಯಾಗಿ ಕೇಳುತ್ತಿತ್ತು. ಹೆಡ್‌ಸೆಟ್ ಕೊಟ್ಟ ಕೂಡಲೇ ನಿಂತಿತು. ಇನ್ನೊಂದನ್ನು ಹುಡುಕಲು ಮಾತ್ರ ಹತ್ತು ದಿನ ಬೇಕಾಯಿತು. ಮೂರನೇ ಚೀಟಿಯ ಹುಡುಗಿ ಮೆಲುದನಿಯವಳು. ಅವಳು ‘ನೂರು’ ಎಂದರೆ ನಮಗೆ ‘ಊರು’ ಎಂದು ಕೇಳುತ್ತಿತ್ತು, ‘ಹತ್ತು’ ಎಂದರೆ ‘ತ್ತು’. ಫೋನ್ ಕೆಟ್ಟಿದೆ ಎಂದುಕೊಂಡೆವು. ಅವಳು ಬೇರೆ ಫೋನಿನಿಂದ ಮಾತಾಡಿದರೂ ಅದೇ. ಕಡೆಗೆ ನೋಡಿದರೆ, ಹಿನ್ನೆಲೆ ಸದ್ದು ತಡೆಯಲೆಂದು ನಾನೇ ಹಾಕಿದ್ದ ಒಂದು ಆಯ್ಕೆ: ಯಾರಾದರೂ ಮಾತಾಡುವವರೆಗೂ ಆ ಲೈನಿನ ಧ್ವನಿಯನ್ನು ಆಸ್ಟರಿಸ್ಕ್ ಬಿಸಾಡುತ್ತಿತ್ತು. ಗಟ್ಟಿ ದನಿಯವರು ಬಾಯಿ ತೆರೆದ ಕೂಡಲೇ ಬಾಗಿಲು ತೆರೆಯುತ್ತದೆ, ಮೆಲುದನಿಯವರ ಮೊದಲ ಅಕ್ಷರ ಹೊರಗೇ ಉಳಿಯುತ್ತದೆ. ಸ್ವಿಚ್ ಇರುವಾಗ ಆ ಆಯ್ಕೆಯ ಅಗತ್ಯವೇ ಇರಲಿಲ್ಲ, ತೆಗೆದುಹಾಕಿದೆ. ಮರುದಿನದ ಪಾಠದಲ್ಲಿ ಅವಳು ‘ನೂರು’ ಎಂದಳು, ‘ನ’ ಸಮೇತ. ಮೇಡಂ ಇನ್ನೊಮ್ಮೆ ಹೇಳಮ್ಮ ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಈ ವಾರ ಮಾಡಬೇಕಾದ್ದು ಎರಡು ಕೆಲಸ. ಕರೆಂಟ್ ಹೋದಾಗ ಪೈ ಮತ್ತು ಇಂಟರ್ನೆಟ್ ಪೆಟ್ಟಿಗೆ ಎರಡಕ್ಕೂ ಸಾಕಾಗುವ ಬ್ಯಾಟರಿ ಜೋಡಿಸಬೇಕು. ಮೂರನೇ ಸ್ವಿಚ್ ಬದಲಿಸಬೇಕು. ಮಿಕ್ಕ ಐದು ಗಟ್ಟಿಯಾಗಿವೆ, ಅದರ ಸ್ಪ್ರಿಂಗ್ ಮಾತ್ರ ಒತ್ತಿ ಒತ್ತಿ ಸವೆದುಹೋಗಿದೆ.